ಮಂಗಳವಾರ, ಶುಕ್ರವಾರದ ಊಟ

ಸಾಬಮ್ಮ ಆ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು. ಅತ್ತೆ ಯಂಕಮ್ಮ ತನ್ನ ಕೈಯಾರೆ ಅವಳ ತಾಟಿಗೆ ಬಿಸಿ ರೊಟ್ಟಿ ಹಾಕಿದ್ದು ಅದೇ ಮೊದಲು. ಅದೂ ಒಂದಲ್ಲ, ನಾಲ್ಕು. ಬಗಲಿಗೆ ತೊಗರಿಬೇಳೆ ಪಲ್ಯ, ಶೇಂಗಾ ಹಿಂಡಿ, ಒಂದು ವಾಟಗದ ತುಂಬ ಮಜ್ಜಿಗೆ.

"ಉಣ್ಣವ್ವ, ನಾಚ್ಕೋಬ್ಯಾಡ. ದಿನಾ ಉಣ್ಣಾಂಗ ಉಣ್ಣು" ಎಂದಳು ಯಂಕಮ್ಮ. ಹೇಳಿದ್ದು ಸೊಸೆಗೆ, ಕೇಳಬೇಕಾದವರು ಚಾಪೆಯ ಮೇಲೆ ಕುಳಿತಿದ್ದ ಮೇಡಂ.

ಮೇಡಂ ಹೆಸರು ವಿಶಾಲಾಕ್ಷಿ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು. ಕೂಲಿಕಾರರ ಮನೆಗಳಲ್ಲಿ ಯಾರು ಎಷ್ಟು ಉಣ್ಣುತ್ತಾರೆ ಎಂಬುದನ್ನು ತೂಗಿ ಬರೆದುಕೊಳ್ಳಲು ವಾಡಿ ಊರಿಗೆ ಬಂದಿದ್ದರು. ಸ್ಟೇಷನ್ನಿನ ಆಚೆಯ ಓಣಿಯಲ್ಲಿ ನಲವತ್ತು ಮನೆ ಆರಿಸಿದ್ದರು. ಎಂಟು ವಾರ, ವಾರಕ್ಕೆ ಎರಡು ದಿನ ಬರುವುದು. ಈ ಮನೆಗೆ ಮಂಗಳವಾರ ಮತ್ತು ಶುಕ್ರವಾರ. ಬಸುರಿಯರಿಗೆ, ಕೂಸುಗಳಿಗೆ ಓಣಿಯಲ್ಲೇ ಒಂದು ಊಟದ ಕೇಂದ್ರ ತೆರೆಯಬೇಕೋ ಬೇಡವೋ ಎಂಬುದನ್ನು ಸರಕಾರ ಈ ಬರಹ ನೋಡಿ ತೀರ್ಮಾನಿಸುತ್ತದೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಅವರ ಸಂಗಡ ಅಯ್ಯಪ್ಪ ಎಂಬ ಕನ್ನಡಕದ ಉಪನ್ಯಾಸಕ. ಪ್ರತಿಯೊಬ್ಬರ ತಾಟನ್ನೂ ಅವನು ತಕ್ಕಡಿಯಲ್ಲಿಟ್ಟು ಗ್ರಾಂ ಹೇಳುತ್ತಿದ್ದ, ಮೇಡಂ ಬರೆದುಕೊಳ್ಳುತ್ತಿದ್ದರು.

ಸಾಬಮ್ಮ ಐದು ತಿಂಗಳ ಬಸುರಿ. ನಾಲ್ಕೂ ರೊಟ್ಟಿ ಉಂಡಳು. ಉಂಡಮೇಲೆ ಬಚ್ಚಲಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಕುಳಿತಳು. ಅಷ್ಟು ಉಂಡು ಹೊಟ್ಟೆಗೆ ರೂಢಿಯೇ ತಪ್ಪಿತ್ತು.

ಆ ಮನೆಯಲ್ಲಿ ಉಣ್ಣುವುದಕ್ಕೊಂದು ಸರತಿ ಇತ್ತು. ಮೊದಲು ಮಾವ ಮಾಣಿಕಪ್ಪ. ಅವನು ಕಾಗಿಣಾ ಹೊಳೆಯಲ್ಲಿ ದೋಣಿ ಹಾಕುತ್ತಿದ್ದವನು. ಸೇತುವೆಯಾದ ಮೇಲೆ ದೋಣಿ ದಂಡೆಗೆ ಬಿತ್ತು, ಅವನು ವಾಡಿಗೆ ಬಂದು ಮಗನ ಮನೆಯ ಕಟ್ಟೆಗೆ ಬಿದ್ದ. ಆಮೇಲೆ ಗಂಡ ಕಾಶಪ್ಪ. ಸಿಮೆಂಟು ಚೀಲ ತುಂಬುವ ಕೆಲಸ, ಮೈಯೆಲ್ಲ ಬೂದಿ ಬಣ್ಣ ಮಾಡಿಕೊಂಡು ಬರುತ್ತಿದ್ದ. ಅವನ ನಂತರ ನಾದಿನಿ ಅಮೃತಮ್ಮ. ಸೇಡಂ ಕಡೆಯಿಂದ ಅವಳಿಗೊಂದು ಸಂಬಂಧ ಬಂದಿತ್ತು, ಹೀಗಾಗಿ ಹುಡುಗಿ ಮೈಕೈ ತುಂಬಿಕೊಂಡಿರಬೇಕು. ಆಮೇಲೆ ಯಂಕಮ್ಮ. ಬುಟ್ಟಿಯಲ್ಲಿ ಉಳಿದದ್ದು ಸಾಬಮ್ಮನಿಗೆ ಮತ್ತು ಅವಳ ಮೂರು ವರ್ಷದ ಮಗಳು ಭಾಗಿಗೆ. ಉಳಿದದ್ದು ಎಂದರೆ ಒಂದು ರೊಟ್ಟಿ, ಅಂಚು ಸುಟ್ಟದ್ದು. ಕೆಲವು ದಿನ ಅದೂ ಇಲ್ಲ, ನುಚ್ಚಿನ ತಿಳಿ.

ಮರುದಿನ ಬುಧವಾರ. ಎಲ್ಲರ ಊಟ ಮುಗಿದ ಮೇಲೆ ಸಾಬಮ್ಮ ಬುಟ್ಟಿಯ ಬಟ್ಟೆ ಸರಿಸಿದಳು. ಬುಟ್ಟಿ ಬರಿದಾಗಿತ್ತು.

"ಅತ್ತಿ, ನನಗ?"

"ನಿನ್ನಿ ನಾಕ ರೊಟ್ಟಿ ತಿಂದೀಯಲ್ಲ. ಎತ್ತಿನಾಂಗ ತಿಂದಿ. ಅದು ಇವತ್ತಿಗೂ ಸೇರಿ."

"ನೀವ ಹಾಕಿದ್ರಿ."

"ಹಾಕದ ಏನ್ ಮಾಡ್ಲಿ? ಆ ಮೇಡಂ ಬಾಯಿ ತಕ್ಕಡಿ ಹಿಡ್ಕೊಂಡು ಎದುರಿಗಿ ಕುಂತಾಳ. ಯಂಕಮ್ಮ ಸೊಸಿಗಿ ಅನ್ನ ಹಾಕಂಗಿಲ್ಲ ಅಂತ ಸರಕಾರದ ಕಾಗದದಾಗ ಬರಿಬೇಕೇನು? ಸೇಡಮದವರ ಕಿವಿಗಿ ಬೀಳಬೇಕೇನು?"

ಭಾಗಿ ಅವ್ವನ ಸೆರಗು ಜಗ್ಗಿದಳು. ಯಂಕಮ್ಮ ತನ್ನ ತಾಟಿನಲ್ಲಿದ್ದ ಅರ್ಧ ರೊಟ್ಟಿ ಮೊಮ್ಮಗಳ ಕೈಗೆ ಕೊಟ್ಟಳು. ಮೊಮ್ಮಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

"ನಮ್ಮತ್ತಿ ನನಗ ಹನ್ನೆರಡು ವರ್ಷ ಹಳಸಿದ್ದ ಹಾಕಿದ್ಲು" ಎಂದಳು, ಕೈ ತೊಳೆಯುತ್ತ. "ಅದರಾಗ ಮೂರು ಹಡದೀನಿ. ಯಾವ ಬಾಯಿನೂ ತಕ್ಕಡಿ ತಂದು ನನ್ನ ಕೇಳಲಿಲ್ಲ."

ಹೀಗೆ ಶುರುವಾಯಿತು. ಮಂಗಳವಾರ ಮತ್ತು ಶುಕ್ರವಾರ ಸಾಬಮ್ಮನ ತಾಟು ತುಂಬುತ್ತಿತ್ತು, ಉಳಿದ ದಿನ ಮೊದಲಿಗಿಂತಲೂ ಬರಿದಾಗುತ್ತಿತ್ತು. ನಳದ ಹತ್ತಿರ ಪಕ್ಕದ ಮನೆಯ ಇಮಾಮಬಿ ಕೊಡ ತುಂಬಿಕೊಳ್ಳುತ್ತ ನಗುತ್ತಿದ್ದಳು: "ನಾಳಿ ಮಂಗಳವಾರ. ನಿನ್ನ ಈದ್ ಬಂತು ನೋಡು ತಂಗಿ."

"ನಿಮ್ಮ ಮನ್ಯಾಗ ಹ್ಯಾಂಗ ಅಕ್ಕ? ನಿಮ್ಮನೀನೂ ತೂಗ್ಲಿಕತ್ತಾರಲ್ಲ?"

"ನಮ್ಮನ್ಯಾಗೂ ಹಂಗೇ. ತಕ್ಕಡಿ ಬಂದ ದಿನ ನಮ್ಮ ಯಜಮಾನ್ರು ತಾವೇ ಅಂತಾರ, ಇಕಿಗೊಂದಿಷ್ಟು ಹಾಕ್ರಿ ಅಂತ. ಇಷ್ಟು ವರ್ಷದಾಗ ಆ ಮಾತು ನಾ ಕೇಳಿದ್ದಿಲ್ಲ." ಇಮಾಮಬಿ ಕೊಡ ಎತ್ತಿ ಸೊಂಟಕ್ಕಿಟ್ಟಳು. "ಓಣಿ ತುಂಬ ಹಂಗೇ. ನಕ್ಕೋತ ಉಣ್ಣು."

ಮೂರನೆಯ ವಾರ ಸಾಬಮ್ಮ ಒಂದು ಉಪಾಯ ಮಾಡಿದಳು. ತೂಕವಾದ ಮೇಲೆ ಎರಡು ರೊಟ್ಟಿ ಉಂಡು ಇನ್ನೆರಡನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ನಾಳೆಗೊಂದು, ನಾಡಿದ್ದಿಗೊಂದು. ಆದರೆ ಅಯ್ಯಪ್ಪ ತಾಟಿನಲ್ಲಿ ಉಳಿದದ್ದನ್ನೂ ತೂಗುವವನು. ಎರಡೇ ರೊಟ್ಟಿ ಅಗಿಯುವುದನ್ನು ಕಂಡಿದ್ದ. ತಾಟು ನೋಡಿದರೆ ಖಾಲಿ. ಸೆರಗಿನ ಗಂಟು ನೋಡಿದ. ಹೊರಗೆ ಹೋಗಿ ಮೇಡಂ ಕಿವಿಯಲ್ಲಿ ಹೇಳಿದ.

ಮುಂದಿನ ಗುರುವಾರ ಮಧ್ಯಾಹ್ನ, ಹೇಳದೆ ಕೇಳದೆ, ಮೇಡಂ ಬಾಗಿಲಲ್ಲಿ ನಿಂತಿದ್ದರು. ಸಾಬಮ್ಮ ಒಲೆಯ ಮುಂದೆ ಕುಳಿತು ಗಡಿಗೆಯ ತಳಕ್ಕೆ ಹತ್ತಿದ ನುಚ್ಚನ್ನು ಬೆರಳಿನಿಂದ ಕೆರೆದು ತಿನ್ನುತ್ತಿದ್ದಳು.

"ಇವತ್ತು ನಿಮ್ಮ ಊಟ ಇದೇನಾ?" ಮೇಡಂ ಕೇಳಿದರು.

ಯಂಕಮ್ಮ ಹಿತ್ತಲಿನಿಂದ ಓಡಿ ಬಂದಳು. "ಇವತ್ತ ಆಕಿಗಿ ಒಪ್ಪತ್ತ್ರಿ, ಮೇಡಂ. ಗುರುವಾರ. ಭಾಳ ಭಕ್ತಿ."

"ಹೌದಾ, ಸಾಬಮ್ಮ?"

ಸಾಬಮ್ಮ ಅತ್ತೆಯ ಮುಖ ನೋಡಿದಳು, ಮೇಡಂ ಮುಖ ನೋಡಿದಳು. "ಹೌದ್ರಿ" ಎಂದಳು.

ಮೇಡಂ ಗಡಿಗೆಯ ತಳದ ನುಚ್ಚನ್ನೂ ತೂಗಿ, ಬರೆದುಕೊಂಡು ಹೋದರು.

ಕಾಶಪ್ಪ ಎರಡು ಗಂಟೆಗೆ ಪಾಳಿ ಮುಗಿಸಿ ಬರುವಷ್ಟರಲ್ಲಿ ಮನೆಯಲ್ಲಿ ಬೆಂಕಿ ಹತ್ತಿತ್ತು.

"ನಿನ್ನ ಹೆಂಡತಿ ಆ ಬಾಯಿಗಿ ಏನೋ ಊದ್ಯಾಳ. ಇಲ್ದಿದ್ರ ಆಕಿ ಗುರುವಾರ ಯಾಕ ಬರ್ತಾಳ?" ಯಂಕಮ್ಮ ಮಗನಿಗೆ ನೀರು ಕೊಡುವ ಮೊದಲೇ ಅಂದಳು.

"ನಾ ಏನೂ ಹೇಳಿಲ್ರಿ. ಒಪ್ಪತ್ತು ಅಂತ ನೀವಂದ್ರಿ, ನಾನೂ ಹೂಂ ಅಂದೆ."

"ಅನ್ನೂದು ಅಂದು ಮಾರಿ ಹ್ಯಾಂಗ ಮಾಡಿದ್ದಿ? ಮಾರಿ ನೋಡಿದ್ರ ಕುರುಡ್ರಿಗೂ ತಿಳೀತಿತ್ತು."

ಮಾಣಿಕಪ್ಪ ಕಟ್ಟೆಯಿಂದಲೇ ಕೆಮ್ಮಿದ. "ಮನಿ ಒಳಗಿಂದು ಮನಿ ಒಳಗ ಇರ್ಬೇಕವ್ವ. ಹೊಳಿ ಮ್ಯಾಲ ನಲವತ್ತು ವರ್ಷ ದೋಣಿ ಹಾಕೀನಿ. ದೋಣ್ಯಾಗ ಕುಂತವರು ದೋಣಿಗಿ ತೂತು ಮಾಡಬಾರದು."

ಕಾಶಪ್ಪ ಮುಖ ತೊಳೆದು ಬಂದು ಹೆಂಡತಿಯ ಎದುರು ನಿಂತ. "ನಿನಗ ಹಸಿವಾಗ್ಯಾದೇನು?"

ಆ ಪ್ರಶ್ನೆಯನ್ನು ಅವನು ಐದು ವರ್ಷದಲ್ಲಿ ಕೇಳಿರಲಿಲ್ಲ. "ಆಗ್ಯಾದ್ರಿ" ಎಂದಳು ಸಾಬಮ್ಮ.

ಅವನು ಕಪಾಳಕ್ಕೆ ಹೊಡೆದ. "ಈಗ ಹೋಯ್ತೇನು?"

ಅಮೃತಮ್ಮ ಭಾಗಿಯನ್ನು ಎತ್ತಿಕೊಂಡು ಹೊರಗೆ ಹೋದಳು. ಯಂಕಮ್ಮ ಮಗನಿಗೆ ತಾಟು ಇಟ್ಟಳು. ಅವನು ಉಂಡ.

ಸೋಮವಾರ ಸಾಬಮ್ಮ ನೀರಿನ ನೆಪ ಮಾಡಿ ಶಾಲೆಗೆ ಹೋದಳು. ಮೇಡಂ ಮತ್ತು ಅಯ್ಯಪ್ಪನಿಗೆ ಶಾಲೆಯ ಒಂದು ಕೋಣೆ ಕೊಟ್ಟಿದ್ದರು. ಅವರು ಊಟಕ್ಕೆ ಕುಳಿತಿದ್ದರು. ಮೇಡಂ ಎದುರು ತೆರೆದ ಡಬ್ಬಿ, ಒಳಗೆ ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ.

ಸಾಬಮ್ಮ ಕೊಡವನ್ನು ಹೊಸ್ತಿಲ ಹೊರಗಿಟ್ಟಳು. "ಅವತ್ತ ನಾ ಸುಳ್ಳ ಹೇಳ್ದೆ, ಮೇಡಂ. ಒಪ್ಪತ್ತಿಲ್ಲ, ಏನಿಲ್ಲ. ನೀವು ಬಂದ ದಿನ ಅಷ್ಟೇ ನನಗ ಅನ್ನ."

"ಗೊತ್ತಾಯ್ತು, ಸಾಬಮ್ಮ."

"ಗೊತ್ತಾಗಿದ್ರ ನಮ್ಮತ್ತಿಗಿ ಒಂದು ಮಾತು ಹೇಳ್ರಿ. ನಿಮ್ಮ ಮಾತಿಗಿ ಆಕಿ ಅಂಜ್ತಾಳ. ಹೊಟ್ಯಾಗ ಕೂಸು ಆಡವಲ್ಲದು."

ಮೇಡಂ ಕೈಯಲ್ಲಿದ್ದ ಚಪಾತಿಯನ್ನು ಡಬ್ಬಿಗೆ ಹಾಕಿದರು. "ಈಗ ನಾನು ಹೇಳಿದರೆ ಅವರು ನಡೆದುಕೊಳ್ಳುವ ರೀತಿ ಬದಲಾಗುತ್ತೆ. ಆಗ ನಾವು ಬರೆದದ್ದೆಲ್ಲ ಕೆಟ್ಟುಹೋಗುತ್ತೆ. ಎಂಟು ವಾರ ಮುಗಿಯಲಿ. ವರದಿ ಬಂದರೆ ನಿಮ್ಮಂಥವರಿಗೆಲ್ಲ ಕೇಂದ್ರ ಆಗುತ್ತೆ."

"ಕೇಂದ್ರ ಯಾವಾಗ್ರಿ?"

"ಒಂದು ವರ್ಷ... ಎರಡು ವರ್ಷ."

ಸಾಬಮ್ಮನ ಕಣ್ಣು ಡಬ್ಬಿಯ ಮೇಲಿತ್ತು. ಮೇಡಂ ಅದನ್ನು ಕಂಡರು. ಡಬ್ಬಿಯನ್ನು ಮುಂದೆ ಸರಿಸಲು ಕೈ ಹಾಕಿದರು.

"ಮೇಡಂ" ಎಂದ ಅಯ್ಯಪ್ಪ ಮೆಲ್ಲಗೆ. "ನಾಳೆ ಇವರ ಮನೆಯಲ್ಲಿ ತೂಕ ಇದೆ. ಈಗ ಕೊಟ್ಟರೆ ಲೆಕ್ಕ ತಪ್ಪುತ್ತೆ."

ಮೇಡಂ ಕೈ ಹಿಂದೆ ತೆಗೆದುಕೊಂಡರು. ಡಬ್ಬಿಯ ಮುಚ್ಚಳ ಹಾಕಿದರು. "ಎಂಟು ವಾರ ಮುಗಿಯಲಿ" ಎಂದು ಇನ್ನೊಮ್ಮೆ ಅಂದರು. ಸಾಬಮ್ಮ ಕೊಡ ಎತ್ತಿಕೊಂಡು ಬಂದಳು.

ಆರನೆಯ ವಾರದ ಶುಕ್ರವಾರ ಮೇಡಂ ಜೊತೆಗೆ ಇನ್ನಿಬ್ಬರು ಬಂದರು. ದೊಡ್ಡ ಪ್ರೊಫೆಸರೊಬ್ಬರು ಮತ್ತು ಕಲಬುರಗಿಯ ಒಬ್ಬ ಅಧಿಕಾರಿ. ಯಂಕಮ್ಮ ಸಾಬಮ್ಮನಿಗೆ ಇಸ್ತ್ರಿ ಮಾಡಿದ ಸೀರೆ ಉಡಿಸಿದ್ದಳು. ಓಣಿಯ ಹೆಂಗಸರು ಕಿಟಕಿಗೆ, ಬಾಗಿಲಿಗೆ ಜೋತುಬಿದ್ದಿದ್ದರು. ಸೇಡಂ ಸಂಬಂಧದ ಹುಡುಗನ ಅಕ್ಕ ಇದೇ ಓಣಿಯ ಕಡೆಯ ಮನೆಯವಳು. ಅವಳೂ ಬಂದು ನಿಂತಿದ್ದಳು.

ತಾಟು ಬಂತು. ಐದು ರೊಟ್ಟಿ, ಪುಂಡಿಪಲ್ಯ, ಬೇಳೆ, ಹಸಿ ಉಳ್ಳಾಗಡ್ಡಿ, ರೊಟ್ಟಿಯ ಮೇಲೆ ತುಪ್ಪ. ತುಪ್ಪ ಆ ಮನೆಗೆ ಯಾವತ್ತು ಬಂದಿತ್ತೋ ಸಾಬಮ್ಮನಿಗೆ ಗೊತ್ತಿರಲಿಲ್ಲ.

"ನೋಡಿ ಸರ್" ಎಂದರು ದೊಡ್ಡ ಪ್ರೊಫೆಸರು ಅಧಿಕಾರಿಗೆ. "ಈ ಭಾಗದ ಹೆಂಗಸರು ಚೆನ್ನಾಗಿಯೇ ಉಣ್ಣುತ್ತಾರೆ. ನಾವು ಸುಮ್ಮನೆ ಬಡತನ ಬಡತನ ಅಂತೀವಿ."

ಅಧಿಕಾರಿ ತಲೆಯಾಡಿಸಿದ.

ಅಯ್ಯಪ್ಪ ತಾಟು ತೂಗಿ ಅವಳ ಮುಂದಿಟ್ಟ. ಸಾಬಮ್ಮ ಕೈ ಚಾಚಲಿಲ್ಲ. ತುಪ್ಪದ ವಾಸನೆಗೆ ಬಾಯಲ್ಲಿ ನೀರೂರಿತು, ನುಂಗಿದಳು. ಆಮೇಲೆ ಎರಡೂ ಕೈಯಿಂದ ತಾಟನ್ನು ಅತ್ತೆಯ ಕಡೆ ತಳ್ಳಿದಳು.

"ಇದು ನಂದಲ್ಲ, ಅತ್ತಿ. ನಂದು ಹಾಕ್ರಿ."

"ಏನ ಹುಚ್ಚಿ, ಉಣ್ಣು. ದೊಡ್ಡವರು ಕುಂತಾರ."

"ನಿನ್ನಿ ಹಾಕಿದ್ರಲ್ಲ, ಅದು ಹಾಕ್ರಿ. ಮೊನ್ನಿ ಹಾಕಿದ್ದು ಹಾಕ್ರಿ. ಗಡಿಗಿ ತಳದಾಗಿಂದು ತರ್ರಿ. ಅವರು ಅದನ್ನ ತೂಗಲಿ."

ಹೊರಗೆ ಒಬ್ಬಳು ಕಿಸಕ್ಕನೆ ನಕ್ಕಳು. ಅಧಿಕಾರಿ ಗಡಿಯಾರ ನೋಡಿಕೊಂಡ. ಮೇಡಂ ಬರೆಯುವುದನ್ನು ನಿಲ್ಲಿಸಿ ಸಾಬಮ್ಮನನ್ನೇ ನೋಡುತ್ತಿದ್ದರು. ಬಾಗಿಲಲ್ಲಿದ್ದ ಸೇಡಂದವರ ಅಕ್ಕ ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದಳು. ಯಂಕಮ್ಮ ಅವಳು ಹೋಗುವುದನ್ನು ಕಂಡಳು. ಸೊಸೆಯ ಕಡೆ ತಿರುಗಿ, "ನನ್ನ ಮಗಳ ಬಾಳೇ ನುಂಗಿದ್ಯಲ್ಲೇ" ಎಂದಳು. ಆ ಮಾತಿನಲ್ಲಿ ನಾಟಕವಿರಲಿಲ್ಲ.

ಸೇಡಂದವರು ಹೇಳಿಕಳಿಸಲು ಒಂದೇ ದಿನ ಸಾಕಾಯಿತು. ಅವ್ವ ಹಿಂಗಿದ್ದರೆ ಮಗಳು ಹೆಂಗಿದ್ದಾಳು, ಸದ್ಯಕ್ಕೆ ಬೇಡ ಎಂದರು. ಅಮೃತಮ್ಮ ಮೂಲೆಯಲ್ಲಿ ಕುಳಿತು ಅತ್ತಳು. "ವೈನಿ, ನಾ ನಿನಗ ಏನ್ ಮಾಡಿದ್ದೆ?" ಎಂದು ಕೇಳಿದಳು. ಹುಡುಗಿ ಒಮ್ಮೊಮ್ಮೆ ತನ್ನ ಪಾಲಿನ ತುಣುಕನ್ನು ಭಾಗಿಗೆ ಕೊಟ್ಟವಳು.

ಶನಿವಾರ ಮಧ್ಯಾಹ್ನವೇ ಕಾಶಪ್ಪ ಅವಳನ್ನು ಚಿಂಚೋಳಿಯ ಬಸ್ಸಿಗೆ ಹತ್ತಿಸಿದ. ಭಾಗಿಯನ್ನು ಬಗಲಿಗೆ ಎತ್ತಿಕೊಂಡಿದ್ದಳು. ಬಸ್ಸು ಹೊರಡುವಾಗ ಅವನು ಮೆಟ್ಟಿಲ ಮೇಲೆ ಕಾಲಿಟ್ಟು ಕೂಸನ್ನು ಕಿತ್ತುಕೊಂಡ.

"ಹುಡುಗಿ ನಮ್ಮ ಮನಿದು. ನೀ ತವರಿಗಿ ಹೋಗಿ ಹೊಟ್ಟಿ ತುಂಬ ಉಣ್ಣು."

ಚಿಂಚೋಳಿಯ ಆಚೆ ಕಾಡಿನ ಅಂಚಿನ ಹಳ್ಳಿ ಅವಳ ತವರು. ಅಪ್ಪ ಅವ್ವ ಇರಲಿಲ್ಲ. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು ಮೊದಲು ಅವಳ ಹೊಟ್ಟೆ ನೋಡಿದಳು, ಆಮೇಲೆ ಅವಳ ಹಿಂದೆ ಯಾರಾದರೂ ಬಂದಿದ್ದಾರೋ ಎಂದು ನೋಡಿದಳು. "ಎಷ್ಟು ದಿನಕ್ಕ?" ಎಂದು ಕೇಳಿದಳು. ಅಲ್ಲೂ ಉಣ್ಣುವುದಕ್ಕೊಂದು ಸರತಿ ಇತ್ತು. ಸಾಬಮ್ಮ ಅದರ ಕೊನೆಗೆ ಹೋಗಿ ನಿಂತಳು.

ಎಂಟನೆಯ ತಿಂಗಳಲ್ಲೇ ಹೆರಿಗೆಯಾಯಿತು. ಗಂಡುಕೂಸು. ಸೂಲಗಿತ್ತಿ ಅದನ್ನು ಒಂದೇ ಅಂಗೈಯಲ್ಲಿ ಹಿಡಿದು ತೋರಿಸಿದಳು. ಒಂಬತ್ತು ದಿನ ಬದುಕಿತ್ತು. ಎದೆಯಲ್ಲಿ ಹಾಲು ಬರಲಿಲ್ಲ. ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟರು, ಅದಕ್ಕೆ ಚೀಪುವ ಬಲವಿರಲಿಲ್ಲ. ವಾಡಿಗೆ ಸುದ್ದಿ ಹೋಯಿತು. ಯಾರೂ ಬರಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಅತ್ತಿಗೆ ಅವಳ ಸೀರೆಗಳನ್ನು ಗಂಟು ಕಟ್ಟಿಟ್ಟಳು. ಅಣ್ಣ ಬಸ್ಸಿಗೆ ಹತ್ತಿಸಿ, "ಗಂಡನ ಕಾಲ ಹಿಡಿ. ಅಲ್ಲಿ ನಿನ್ನ ಮಗಳದಾಳ" ಎಂದ.

ವಾಡಿಯ ಮನೆಯ ಬಾಗಿಲಲ್ಲಿ ಯಂಕಮ್ಮ ಅಡ್ಡ ನಿಂತಳು. ಒಳಗೆ ಭಾಗಿ ಅಮೃತಮ್ಮನ ಕಾಲ ಹಿಂದೆ ಅಡಗಿ ನೋಡುತ್ತಿದ್ದಳು, ಬರಲಿಲ್ಲ.

"ಕೂಸು ಹೋಯ್ತಂತ ಕೇಳಿದೆ" ಎಂದಳು ಯಂಕಮ್ಮ. ಅವಳ ದನಿ ಅರೆಗಳಿಗೆ ತಗ್ಗಿತು, ಮತ್ತೆ ಗಟ್ಟಿಯಾಯಿತು. "ಒಳಗ ಬರ್ತೀಯಾ, ಬಾ. ಆದ್ರ ನಾಳಿ ಮುಂಜಾನಿ ನಳದ ಮುಂದ ಎಲ್ಲಾರಿಗೂ ಕೇಳಾಂಗ ಹೇಳ್ಬೇಕು, ಅವತ್ತ ನಾ ಸುಳ್ಳ ಹೇಳ್ದೆ ಅಂತ. ಸೇಡಮದವರ ಅಕ್ಕನೂ ಕೇಳಬೇಕು. ನನ್ನ ಮಗಳು ಮನ್ಯಾಗ ಕೊಳೀಲಿಕತ್ತಾಳ."

ಕಾಶಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ. "ಅವ್ವ ಹೇಳಿದ್ದು ಕೇಳಿದ್ಯಲ್ಲ" ಎಂದ. ಮಾಣಿಕಪ್ಪ ಮುಖ ಆ ಕಡೆ ತಿರುಗಿಸಿಕೊಂಡ.

"ನಾ ಹೇಳಂಗಿಲ್ಲ" ಎಂದಳು ಸಾಬಮ್ಮ. "ನಾ ಹೇಳಿದ್ದು ಖರೇ ಅದ. ಮೇಡಂ ಬರಕೊಂಡಾರ. ಕಾಗದದಾಗ ಅದ."

"ಹಂಗಾದ್ರ ಕಾಗದದಾಗೇ ಹೋಗಿ ಮಕ್ಕೋ" ಎಂದು ಯಂಕಮ್ಮ ಬಾಗಿಲು ಹಾಕಿದಳು.

ಮೇಡಂ ಊರಲ್ಲೇ ಇದ್ದಾರೆ, ಶಾಲೆಯಲ್ಲಿ ಸಭೆ ನಡೆದಿದೆ ಎಂದು ಇಮಾಮಬಿ ಹೇಳಿದಳು. ಸಾಬಮ್ಮ ಗಂಟನ್ನು ಅವಳ ಮನೆಯಲ್ಲಿಟ್ಟು ಶಾಲೆಗೆ ಹೋದಳು. ಸಭೆ ಮುಗಿದು ಜನ ಚಹ ಕುಡಿಯುತ್ತಿದ್ದರು. ಮೇಜಿನ ಮೇಲೆ ನೀಲಿ ಹೊದಿಕೆಯ ವರದಿ ಪುಸ್ತಕಗಳ ಗುಡ್ಡೆ. ಅಯ್ಯಪ್ಪ ಅವಳನ್ನು ಗುರುತಿಸಿ ಎದ್ದು ನಿಂತ.

"ಸರ್, ನಮ್ಮ ಮನಿದು ಇದರಾಗ ಎಲ್ಲದ್ರಿ? ನನಗೊಂದು ಕೊಡ್ರಿ. ಮನ್ಯಾಗ ತೋರಸ್ಬೇಕು."

ಅಯ್ಯಪ್ಪ ಪುಸ್ತಕ ತೆಗೆದು ಹಾಳೆ ತಿರುವಿದ. ತಿರುವುವ ಅಗತ್ಯವಿರಲಿಲ್ಲ, ಅವನಿಗೆ ಗೊತ್ತಿತ್ತು. "ಇದರಲ್ಲಿ ನಿಮ್ಮ ಮನೆ ಇಲ್ಲಮ್ಮ."

"ಇಲ್ಲ ಅಂದ್ರ?"

"ಎಂಟು ವಾರ ಪೂರ್ತಿ ತೂಕ ಆಗದ ಮನೆಗಳನ್ನ ಕೈಬಿಟ್ಟಿದ್ದೀವಿ. ನೀವು ಆರನೇ ವಾರಕ್ಕೆ ಹೊರಟುಹೋದಿರಿ. ನಲವತ್ತರಲ್ಲಿ ಮೂವತ್ತೊಂಬತ್ತು ಮನೆ ಉಳೀತು."

"ಉಳಿದ ಮನ್ಯಾಗ ಏನು ಬಂತ್ರಿ?"

ಅಯ್ಯಪ್ಪ ಕನ್ನಡಕ ತೆಗೆದು ಒರೆಸಿದ. "ಹೆಂಗಸರು ಸಾಕಷ್ಟು ಉಣ್ಣುತ್ತಿದ್ದಾರೆ ಅಂತ ಬಂತು. ಈ ಓಣಿಗೆ ಕೇಂದ್ರ ಬೇಡ ಅಂತ ತೀರ್ಮಾನ ಆಯ್ತು."

ಮೇಡಂ ಚಹದ ಕಪ್ಪು ಹಿಡಿದು ಹತ್ತಿರ ಬಂದರು. ಸಾಬಮ್ಮನ ಬರಿ ಹೊಟ್ಟೆ ನೋಡಿದರು, ಬರಿ ಬಗಲು ನೋಡಿದರು. "ನಿಜ ಹೇಳಿದವರು ನೀವೊಬ್ಬರೇ, ಸಾಬಮ್ಮ" ಎಂದರು.

"ಹೇಳಿದ್ದು ಯಾರ ಮುಂದ ಹೇಳಿದೆ, ಮೇಡಂ?"

ಅಷ್ಟರಲ್ಲಿ ಯಾರೋ ಮೇಡಂ ಅವರನ್ನು ಫೋಟೋಗೆ ಕರೆದರು.

ಸಾಬಮ್ಮ ಇಮಾಮಬಿಯ ಮನೆಯಲ್ಲಿ ಮಲಗಿದಳು. ಬೆಳಗಾದಾಗ ಎದ್ದು ಮುಖ ತೊಳೆದು, ತಲೆ ಬಾಚಿ, ನಳದ ಹತ್ತಿರ ಹೋದಳು. ಕೊಡಗಳ ಸಾಲು ರೈಲು ಹಳಿಯ ಬೇಲಿಯ ತನಕ ಇತ್ತು. ಸೇಡಂದವರ ಅಕ್ಕ ಸಾಲಿನ ನಡುವೆ ಇದ್ದಳು. ಯಂಕಮ್ಮ ನಳದ ಕಟ್ಟೆಗೆ ಆತು ಕಾಯುತ್ತಿದ್ದಳು, ಅವಳ ಪಕ್ಕದಲ್ಲಿ ಭಾಗಿಯ ಕೈ ಹಿಡಿದ ಅಮೃತಮ್ಮ.

"ಅವತ್ತ ನಾ ಹೇಳಿದ್ದು ಸುಳ್ಳ" ಎಂದಳು ಸಾಬಮ್ಮ. "ನಮ್ಮತ್ತಿ ನನಗ ದಿನಾ ಹೊಟ್ಟಿ ತುಂಬ ಹಾಕ್ತಿದ್ರು. ಸಿಟ್ಟಿನಾಗ ಅಂದೆ."

ಹೆಂಗಸರು ತಮ್ಮ ತಮ್ಮ ಕೊಡಗಳನ್ನು ನೋಡಿಕೊಂಡರು. ಪ್ರತಿಯೊಬ್ಬಳ ಮನೆಯಲ್ಲೂ ತಕ್ಕಡಿ ಎಂಟು ವಾರ ಕುಳಿತು ಹೋಗಿತ್ತು. ಇಮಾಮಬಿ ತುಂಬಿದ ಕೊಡವನ್ನು ಸುಮ್ಮನೆ ಚೆಲ್ಲಿ ಮತ್ತೆ ತುಂಬತೊಡಗಿದಳು.

"ಇನ್ನೊಮ್ಮಿ ಹೇಳು" ಎಂದಳು ಯಂಕಮ್ಮ. "ಬೇಲಿ ಕಡೆ ನಿಂತವರಿಗಿ ಕೇಳಿಲ್ಲ."

ಸಾಬಮ್ಮ ಬೇಲಿಯ ಕಡೆ ತಿರುಗಿ, ದನಿ ಎತ್ತರಿಸಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಅಮೃತಮ್ಮ ಭಾಗಿಯ ಕೈ ಬಿಟ್ಟಳು.